ಟ್ಯೂಬ್‌ಲೈಟಿನಡಿ ತೆಗೆದ ವ್ಯತ್ಯಾಸ ರೋಹಿತ: ಹಣ ಕಟ್ಟುವ ಮೊದಲು ಓದಿ

ಬೆಳಕಿಗೆ ಸ್ಪಂದಿಸುವ ಪ್ರೋಟೀನುಗಳ ಅವಕೆಂಪು ರೋಹಿತವನ್ನು (ಇನ್‌ಫ್ರಾರೆಡ್ ಸ್ಪೆಕ್ಟ್ರಂ) ಹೊರಗಿನ ಪ್ರಯೋಗಾಲಯದಲ್ಲಿ ಹಣ ಕೊಟ್ಟು ತೆಗೆಸುವವರು ದಯವಿಟ್ಟು ಇದನ್ನು ಓದಬೇಕು. ಒಂದು ಅಮೈನೊ ಆಮ್ಲ ಬದಲಿಸಿದ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ನೇರಳೆ ಬಣ್ಣದ ಪ್ರೋಟೀನಿನ ಮಾದರಿಯನ್ನು ತಿಂಗಳುಗಟ್ಟಲೆ ಕಷ್ಟಪಟ್ಟು ತಯಾರಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, 12,000 ರೂಪಾಯಿ ಮುಂಗಡದೊಂದಿಗೆ ಕಳುಹಿಸಿದವಳು ನಾನು. 230 ಕೆಲ್ವಿನ್‌ಗೆ (ಸೊನ್ನೆಗಿಂತ ಸುಮಾರು 43 ಡಿಗ್ರಿ ಸೆಲ್ಸಿಯಸ್ ಕೆಳಗೆ) ತಣಿಸಿ, ಕತ್ತಲಲ್ಲಿ ಒಮ್ಮೆ, 500 ನ್ಯಾನೊಮೀಟರಿಗಿಂತ ಉದ್ದ ಅಲೆಯ ಬೆಳಕು ಹಾಯಿಸಿ ಇನ್ನೊಮ್ಮೆ ಅಳೆದು, ಎರಡರ ವ್ಯತ್ಯಾಸವನ್ನು ಕೊಡಬೇಕೆಂದು ಸ್ಪಷ್ಟವಾಗಿ ಬರೆದುಕೊಟ್ಟಿದ್ದೆ.

ಬಂದ ರೋಹಿತದಲ್ಲಿ 1772 ಸೆಂ.ಮೀ.⁻¹ (ಅವಕೆಂಪು ಬೆಳಕಿನ ಅಲೆಸಂಖ್ಯೆ) ಬಳಿ ಒಂದು ಚೂಪಾದ ಗೆರೆಯಿತ್ತು. ಈ ಪ್ರೋಟೀನಿನ ಸರಪಳಿಯಲ್ಲಿ 85ನೆಯದಾದ ಆಸ್ಪಾರ್ಟಿಕ್ ಆಮ್ಲ ಪ್ರೋಟಾನ್ ಪಡೆದಾಗ 1762ರ ಸುಮಾರಿಗೆ ಕಾಣಬೇಕಾದ ಗೆರೆಯೇ ನನ್ನ ಬದಲಾವಣೆಯಿಂದ ಹತ್ತು ಅಂಕಿ ಸರಿದಿದೆ ಎಂದು ನಂಬಿ, ಗುಂಪಿನ ಸಭೆಯಲ್ಲಿ ಎಲ್ಲರೆದುರು ಹೆಮ್ಮೆಯಿಂದ ವಿವರಿಸಿಬಿಟ್ಟೆ. ಹಿರಿಯರೊಬ್ಬರು, "ಪ್ರೋಟೀನಿನ ಗೆರೆ ಇಷ್ಟು ಸಪೂರವಾಗಿರುತ್ತದೆಯೇನಮ್ಮಾ?" ಎಂದು ಕೇಳಿ, ಮಾದರಿಯೇ ಇಲ್ಲದೆ ತೆಗೆದ ನೀರಾವಿಯ ರೋಹಿತವನ್ನು ಪಕ್ಕದಲ್ಲಿಟ್ಟರು. ಒಂದೊಂದು ಗೆರೆಯೂ ತಾಳೆಯಾಯಿತು. ಸಾವಿರದಲ್ಲೊಂದರಷ್ಟು ವ್ಯತ್ಯಾಸವನ್ನು ಹುಡುಕುವಾಗ ಒಣ ನೈಟ್ರೋಜನ್ ಹಾಯಿಸಿ ಉಪಕರಣದೊಳಗಿನ ನೀರಾವಿಯನ್ನು ಓಡಿಸದೆ ಅಳೆದರೆ ಹೀಗೇ ಆಗುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸಹೋದೆ.

ಪ್ರಯೋಗಾಲಯಕ್ಕೆ ಫೋನ್ ಮಾಡಿ ಬೆಳಕು ಹಾಯಿಸಿದ್ದಿರಾ ಎಂದು ಕೇಳಿದ್ದಕ್ಕೆ ಬಂದ ಉತ್ತರ: "ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತಲ್ಲ ಮೇಡಂ." ಹಾಗಾದರೆ ಕತ್ತಲಿನ ಅಳತೆ? "ಆಗಲೂ ಉರಿಯುತ್ತಿತ್ತು, ರೂಮಿನಲ್ಲಿ ಬೇರೆಯವರೂ ಕೆಲಸ ಮಾಡಬೇಕಲ್ಲ." ಅಂದರೆ ಒಂದೇ ಅಳತೆಯನ್ನು ಎರಡು ಸಲ ಮಾಡಿ, ನಡುವೆ ಬದಲಾದ ಕೋಣೆಯ ತೇವವನ್ನು ನನಗೆ ಮಾರಿದ್ದರು! ತಣಿಸಿದ್ದಿರಾ ಎಂದರೆ, "ಎ.ಸಿ. ಇದೆ" ಎಂದರು. ಬೆಳಕು ಬಿದ್ದ ಪ್ರೋಟೀನು ಎಂ (M) ಎಂಬ ನಡುಸ್ಥಿತಿ ತಲುಪಿದರೆ ನೇರಳೆ ಪದರ ಹಳದಿಗೆ ತಿರುಗುತ್ತದೆ, ಅದು ಬರಿಗಣ್ಣಿಗೇ ಕಾಣುತ್ತದೆ, ಬಣ್ಣ ಬದಲಾಯಿತೇ ಎಂದು ಕೇಳಿದೆ. "ನಾವು ಬಣ್ಣ ನೋಡುವುದಿಲ್ಲ ಮೇಡಂ, ಗ್ರಾಫ್ ನೋಡುತ್ತೇವೆ. ನಿಮ್ಮ ಸ್ಯಾಂಪಲ್ಲೇ ಸರಿಯಿಲ್ಲ."

ಸ್ಯಾಂಪಲ್ ಸರಿಯಿಲ್ಲವಂತೆ!

ಮುಂಗಡ ಕೊಡುವ ಮೊದಲು ಪ್ರೋಟೀನಿಲ್ಲದ ಬರಿಯ ಬಫರ್ ದ್ರಾವಣದ ರೋಹಿತ, ಒಂದು ಕತ್ತಲಿನ ಅಳತೆಯಿಂದ ಇನ್ನೊಂದು ಕತ್ತಲಿನ ಅಳತೆಯನ್ನು ಕಳೆದ ರೋಹಿತ, ಸಂಸ್ಕರಿಸದ ಮೂಲ ಫೈಲುಗಳು, ಇವನ್ನೆಲ್ಲ ಕೊಡುತ್ತೇವೆಂದು ಬರಹದಲ್ಲಿ ಪಡೆಯಿರಿ. ಸಾಧ್ಯವಾದರೆ ಉಪಕರಣದ ಪಕ್ಕದಲ್ಲೇ ನಿಲ್ಲಿ. "ನಮ್ಮಲ್ಲಿ ಎಲ್ಲ ಪ್ರೋಟೀನೂ ಬರುತ್ತದೆ" ಎನ್ನುವವರನ್ನಂತೂ ನಾನು ಇನ್ನು ನಂಬುವುದಿಲ್ಲ.

ಹಣ ಹೋಗಲಿ, ಮಾದರಿಯನ್ನಾದರೂ ಹಿಂತಿರುಗಿಸಿ ಎಂದು ಕೊನೆಗೆ ಬರೆದೆ. ಮಾದರಿಯನ್ನು ಹಚ್ಚುವ ಪಾರದರ್ಶಕ ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿಗೆ ಅದು ಅಂಟಿಕೊಂಡಿತ್ತಂತೆ, ಅಂದೇ ಸಂಜೆ ತೊಳೆದುಬಿಟ್ಟರಂತೆ.