ಗದ್ದೆಯಲ್ಲಿ ದುಡಿದ ಮಿನಿ ಟ್ರ್ಯಾಕ್ಟರ್ ತೋಟಕ್ಕೆ ತರೋ ಮುಂಚೆ

ಹಳೇ ಮಿನಿ ಟ್ರ್ಯಾಕ್ಟರ್ ಹುಡುಕುತ್ತಿರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರೀ ಎಂಜಿನ್ ಸದ್ದು ಕೇಳಿ ಅಡ್ವಾನ್ಸ್ ಕೊಡಬೇಡಿ. ಗಾಡಿ ಇಷ್ಟು ವರ್ಷ ಎಲ್ಲಿ ದುಡಿದಿದೆ ಅಂತ ಮೊದಲು ಪತ್ತೆ ಮಾಡಿ. ತೋಟದಲ್ಲೋ, ಹೊಲದಲ್ಲೋ, ಗದ್ದೆಯ ಕೆಸರಲ್ಲೋ? ಈ ಪ್ರಶ್ನೆಗೆ ನಮಗೆ ಸಿಕ್ಕಿದ್ದು ಸುಳ್ಳು ಉತ್ತರ. ಅದರಿಂದ ನನಗೂ ನಮ್ಮ ಭಾವನಿಗೂ ಒಂದು ಇಡೀ ಮುಂಗಾರು ಕೈತಪ್ಪಿತು. ಗಾಡಿ ಬೆಲೆಯ ಮೂರನೇ ಒಂದು ಪಾಲಿನಷ್ಟು ದುಡ್ಡು ರಿಪೇರಿಗೆ ಹೋಯಿತು.

ನಮ್ಮದು ಚನ್ನಗಿರಿ ಕಡೆ, ಅಡಿಕೆ ತೋಟ. 9 ಅಡಿ ಅಂತರದ ಸಾಲು. ದೊಡ್ಡ ಟ್ರ್ಯಾಕ್ಟರ್ ಒಳಗೆ ತಿರುಗೋದಿಲ್ಲ. ಪವರ್ ಟಿಲ್ಲರ್ ಹಿಡಿದು ಇಡೀ ದಿನ ನಡೆಯುವ ಆಳು ಈಗ ಸಿಗೋದಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಮಿನಿ ಟ್ರ್ಯಾಕ್ಟರ್ ಮೇಲೆ. ವಿಎಸ್‌ಟಿ, ಕುಬೋಟಾ, ಯುವರಾಜ್, ಕ್ಯಾಪ್ಟನ್ ಅಂತ 15ರಿಂದ 25 ಎಚ್‌ಪಿ ಒಳಗಿನ ಗಾಡಿಗಳು. ಹೊಸದರ ಬೆಲೆ ಕೇಳಿದರೆ ಸಣ್ಣ ರೈತ ಸೆಕೆಂಡ್ ಹ್ಯಾಂಡ್ ಕಡೆ ತಿರುಗೋದು ಸಹಜ, ಅಲ್ವಾ? ಇತ್ತ ಭದ್ರಾ ಅಚ್ಚುಕಟ್ಟಿನ ಗದ್ದೆ ಸೀಮೆ ನಮಗೆ ತೀರಾ ಹತ್ತಿರ. ಅಲ್ಲಿ ವರ್ಷಗಟ್ಟಲೆ ಕೆಸರು ಹೊಡೆದ ಗಾಡಿಗಳು ಹೊಸ ಬಣ್ಣ ಹೊಡೆಸಿಕೊಂಡು ‘ತೋಟದ ಗಾಡಿ’ ಅಂತ ಹೆಸರು ಇಟ್ಟುಕೊಂಡು ನಮ್ಮ ಕಡೆ ಬರುತ್ತವೆ.

ನಮ್ಮದೂ ಹಾಗೇ ಬಂದಿದ್ದು. ಕಂಪನಿ ಹೆಸರು ಹೇಳೋದಿಲ್ಲ, ಇದರಲ್ಲಿ ಕಂಪನಿಯ ತಪ್ಪಿಲ್ಲ. ಮೂರು ಸಿಲಿಂಡರ್, ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರ ಎಳೆಯುವ ಗಾಡಿ), ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರ್‌ನಲ್ಲಿ 900 ಚಿಲ್ಲರೆ ಗಂಟೆ. “ಸಿಂಗಲ್ ಓನರ್ ಅಣ್ಣಾ, ಒಂದೇ ಕೈಲಿ ಓಡಿದ್ದು. ತೋಟ ಬಿಟ್ಟು ಆಚೆ ಹೋಗಿಲ್ಲ” ಅಂದ ದಲ್ಲಾಳಿ. ಹೊಸ ಸೀಟ್ ಕವರ್, ಟೈರಿಗೆ ಕಪ್ಪು ಪಾಲಿಶ್. ಸೆಲ್ಫ್ ಸ್ಟಾರ್ಟ್ ಒಂದೇ ಸಲ ಹೊಡೆದಿದ್ದಕ್ಕೆ ಎಂಜಿನ್ ಹಿಡಿಯಿತು, ಹೊಗೆ ಇಲ್ಲ. ಹಿಂದೆ ಕಟ್ಟಿದ್ದ, ಮಣ್ಣು ಪುಡಿ ಮಾಡುವ ರೋಟಾವೇಟರ್ ಎತ್ತಿ ಇಳಿಸಿ ತೋರಿಸಿದ. ಒಣ ನೆಲದಲ್ಲಿ ಒಂದು ಸುತ್ತು ಹೊಡೆದೆವು. 2 ಲಕ್ಷ 10 ಸಾವಿರಕ್ಕೆ ಮಾತಾಯಿತು.

ಮುಂಗಾರಿನ ಮೊದಲ ಹದಕ್ಕೆ ತೋಟಕ್ಕೆ ಇಳಿಸಿದಾಗ ಸಾಲಿನ ಕೊನೆಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಬಲಗಡೆ ಮುಂಚಕ್ರದ ಹತ್ತಿರ ಕಟ್ ಕಟ್ ಅನ್ನೋ ಸದ್ದು. ಕಲ್ಲು ಸಿಕ್ಕಿಕೊಂಡಿರಬೇಕು ಅಂದುಕೊಂಡೆವು. ಆಮೇಲೆ ಆ ಚಕ್ರದ ನಡುವಿನ ಹಬ್‌ನಿಂದ ಆಯಿಲ್ ಜಿನುಗತೊಡಗಿತು. ಸ್ವಲ್ಪ ದಿನಕ್ಕೆ ಒಂದು ಜೋರು ಸದ್ದು ಬಂದು ಮುಂದಿನ ಚಕ್ರಗಳು ಎಳೆಯುವುದನ್ನೇ ನಿಲ್ಲಿಸಿದವು.

ರಿಪೇರಿ ಮೇಸ್ತ್ರಿ ಬಂದವರು ಎಂಜಿನ್ ಸ್ಟಾರ್ಟ್ ಮಾಡಿ ಅಂತಲೂ ಕೇಳಲಿಲ್ಲ. ಅರ್ಧ ಕೊಯ್ದ ಎಣ್ಣೆ ಕ್ಯಾನೊಂದನ್ನು ಮುಂದಿನ ಆಕ್ಸಲ್ ಕೆಳಗಿಟ್ಟು ಡ್ರೇನ್ ಪ್ಲಗ್ ಬಿಚ್ಚಿದರು. ಮೊದಲು ಬಂದದ್ದು ನೀರು, ಬರೀ ನೀರು. ಅದರ ಹಿಂದೆ ಹಾಲು ಹಾಕಿದ ಟೀ ಬಣ್ಣದ ಮಂದ ಆಯಿಲ್. ಎರಡು ಬೆರಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿದರು. ಸಣ್ಣ ಸಣ್ಣ ಕಬ್ಬಿಣದ ಚೂರು ಹೊಳೆಯುತ್ತಿತ್ತು. ಆಮೇಲೆ ಹಿಂದೆ ಹೋಗಿ ದೊಡ್ಡ ಚಕ್ರದ ರಿಮ್ಮಿನ ಒಳಗಡೆ ಬಟ್ಟೆಯಿಂದ ಒರೆಸಿದರು. ಅಲ್ಲಿ ಯಾವುದೋ ಕ್ಲಾಂಪ್ ವೆಲ್ಡ್ ಮಾಡಿ ತೆಗೆದ ಗುರುತು, ಗ್ರೈಂಡರ್ ಹಿಡಿದು ಸಮ ಮಾಡಿ ಮೇಲೆ ಬಣ್ಣ ಬಳಿದಿದ್ದರು. ಕೆಸರಲ್ಲಿ ಹೂಳದಂತೆ ಹಾಕುವ ಕಬ್ಬಿಣದ ಪಂಜರದಂಥ ಚಕ್ರ, ಕೇಜ್ ವೀಲ್, ಕಟ್ಟುತ್ತಿದ್ದ ಜಾಗ ಅದು. ಕೊನೆಗೆ ಸೀಟಿನ ಕೆಳಗೆ ಗೇರ್ ಬಾಕ್ಸ್ ಮೇಲಿನ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಕೆರೆದರು. ಹೊಸ ಬಣ್ಣದ ಪೊರೆ ಎದ್ದು ಬಂತು, ಕೆಳಗೆ ಕಲ್ಲಿನಂತೆ ಗಟ್ಟಿಯಾದ ಎರೆಮಣ್ಣು. ನಮ್ಮ ತೋಟದ ಮಣ್ಣು ಕೆಂಪು.

“ಇದು ಗದ್ದೆ ಗಾಡಿ ಕಣಪ್ಪಾ. ನಾಟಿ ಟೈಮಲ್ಲಿ ಹಗಲೂ ರಾತ್ರಿ ಓಡಿರುತ್ತೆ” ಅಂದರು.

ಗದ್ದೆಯಲ್ಲಿ ಓಡಿದರೆ ಏನಾಯಿತು, ಟ್ರ್ಯಾಕ್ಟರ್ ಇರೋದೇ ಅದಕ್ಕಲ್ವಾ ಅಂತ ಕೇಳಬಹುದು. ದೊಡ್ಡ ಗಾಡಿಗೂ ಮಿನಿ ಗಾಡಿಗೂ ಇರುವ ವ್ಯತ್ಯಾಸ ಇಲ್ಲಿದೆ. ಮಿನಿ ಗಾಡಿ ಕುಳ್ಳ. ಮುಂದಿನ ಆಕ್ಸಲ್ ನೆಲಕ್ಕೆ ತೀರಾ ಹತ್ತಿರ. ಕೆಸರಿಗೆ ಇಳಿದರೆ ಆಕ್ಸಲ್ಲು, ಅದರ ಎರಡೂ ತುದಿಯ ಗೇರ್ ಕೇಸು ಎಲ್ಲ ಮುಳುಗುತ್ತವೆ. ಓಡಿ ಓಡಿ ಬಿಸಿಯಾದ ಕೇಸು ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಆಯಿಲ್ ಸೀಲ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಉಂಗುರ) ಪಕ್ಕದಿಂದ ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರಳು ಮಣ್ಣು ಉಜ್ಜಿ ಸೀಲ್‌ನ ತುಟಿ ಸವೆದಿದ್ದರೆ ಇನ್ನೂ ಸಲೀಸು. ನೀರು ಸೇರಿದ ಆಯಿಲ್‌ಗೆ ಗೇರ್ ಕಾಯುವ ಶಕ್ತಿ ಇರೋದಿಲ್ಲ. ಬೇರಿಂಗ್ ತುಕ್ಕು ಹಿಡಿಯುತ್ತದೆ, ಆಕ್ಸಲ್ ಒಳಗಿನ ಜೋಡಿ ಗೇರ್, ಅಂದರೆ ಕ್ರೌನ್ ಪಿನಿಯನ್, ಅದರ ಹಲ್ಲು ಚುಕ್ಕಿ ಚುಕ್ಕಿಯಾಗಿ ಕಿತ್ತು ಬರುತ್ತದೆ. ಮಾಲೀಕ ಪ್ರತಿ ಹಂಗಾಮು ಮುಗಿದ ಮೇಲೆ ಆಯಿಲ್ ಬದಲಾಯಿಸಿ ಸೀಲ್ ನೋಡಿಸಿದ್ದರೆ ಗದ್ದೆ ಗಾಡಿಯೂ ಚೆನ್ನಾಗಿರುತ್ತದೆ. ಅಂಥವರು ಗಾಡಿ ಮಾರುವಾಗ ಗದ್ದೆಯಲ್ಲಿ ಓಡಿದೆ ಅಂತ ಮುಚ್ಚಿಡೋದಿಲ್ಲ.

ನಮ್ಮ ಗಾಡಿಗೆ ಇನ್ನೊಂದು ರೋಗವೂ ಇತ್ತು. ಮುಂದೆ 6-12 ಸೈಜಿನ ಟೈರ್ ಇರಬೇಕಾದ ಕಡೆ 7-12 ಹಾಕಿದ್ದರು. ನೋಡೋಕೆ ಗಾಡಿ ಎತ್ತರವಾಗಿ ಚೆಂದ ಕಾಣುತ್ತಿತ್ತು. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಒಂಚೂರು ಜೋರಾಗಿ ಸುತ್ತುವಂತೆ ಗೇರ್ ಲೆಕ್ಕ ಹಾಕಿರುತ್ತಾರೆ. ಮೆತ್ತನೆ ನೆಲದಲ್ಲಿ ಆ ಹೆಚ್ಚಿನ ಸುತ್ತು ಜಾರಿ ಹೋಗುತ್ತದೆ. ದೊಡ್ಡ ಟೈರ್ ಹಾಕಿದರೆ ಲೆಕ್ಕ ತಪ್ಪುತ್ತದೆ, ಮುಂದಿನದೂ ಹಿಂದಿನದೂ ಒಂದಕ್ಕೊಂದು ಜಗ್ಗಾಡುತ್ತವೆ, ಆ ಜಗ್ಗಾಟವೆಲ್ಲ ಗೇರ್ ಹಲ್ಲಿನ ಮೇಲೆ ಬೀಳುತ್ತದೆ. ಫೋರ್ ವೀಲ್ ಲಿವರ್ ಹಾಕಿಕೊಂಡೇ ಟಾರ್ ರೋಡಲ್ಲಿ ಓಡಿಸಿದರೂ ಇದೇ ಕಥೆ. ರೋಡಿಗೆ ಬಂದ ಕೂಡಲೇ ಆ ಲಿವರ್ ತೆಗೆಯಿರಿ. ಡ್ರೈವರ್ ಹುಡುಗರಿಗೂ ಹೇಳಿಕೊಡಿ, ಅವರಲ್ಲಿ ಅರ್ಧ ಜನಕ್ಕೆ ಅದು ಯಾಕೆ ಅಂತಲೇ ಗೊತ್ತಿರೋದಿಲ್ಲ.

ಕ್ರೌನ್ ಪಿನಿಯನ್ ಸೆಟ್, ಬೇರಿಂಗ್, ಸೀಲು, ಬುಶ್, ಎರಡು ಟೈರ್, ಕೂಲಿ ಎಲ್ಲ ಸೇರಿ 68 ಸಾವಿರ. ದುಡ್ಡಿಗಿಂತ ಹೆಚ್ಚು ಕಾಡಿದ್ದು ಕಾಯುವುದು. ಎಂಜಿನ್ ಪಿಸ್ಟನ್, ರಿಂಗು, ಫಿಲ್ಟರ್ ಆದರೆ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಹೇಗಾದರೂ ಸಿಗುತ್ತಿತ್ತು. ತಯಾರಿಕೆ ನಿಂತುಹೋದ ಮಾಡೆಲ್‌ನ ಮುಂದಿನ ಆಕ್ಸಲ್ ಗೇರ್ ಸಿಗಬೇಕಲ್ಲ? “ಆರ್ಡರ್ ಹಾಕ್ತೀವಿ, ಬಂದ್ರೆ ಫೋನ್ ಮಾಡ್ತೀವಿ.” ಅಷ್ಟರಲ್ಲಿ ತೋಟದಲ್ಲಿ ಕಳೆ ಸೊಂಟದುದ್ದ ಬಂತು. ಬಾಡಿಗೆ ಟಿಲ್ಲರ್ ತರಿಸಿದೆವು. ದಲ್ಲಾಳಿಗೆ ಫೋನ್ ಮಾಡಿದರೆ, “ಕೊಡೋವಾಗ ಸರಿ ಇತ್ತಲ್ಲ ಅಣ್ಣಾ, ನೀವೇ ಓಡಿಸಿ ನೋಡಿದ್ರಲ್ಲ!” ಕರಾರು ಪತ್ರದಲ್ಲಿ ‘ಇದ್ದ ಸ್ಥಿತಿಯಲ್ಲಿ’ ಅಂತ ಬರೆಸಿಕೊಂಡಿದ್ದ, ಜಾಣ. ನೀವು ಅಡ್ವಾನ್ಸ್ ಕೊಡುವ ಮೊದಲೇ ಮಾಡೆಲ್ಲು, ಚಾಸಿ ನಂಬರ್ ಹೇಳಿ ಸ್ಪೇರ್ ಅಂಗಡಿಗೆ ಫೋನ್ ಮಾಡಿ, ಮುಂದಿನ ಆಕ್ಸಲ್ ಸೆಟ್, ಕ್ಲಚ್ ಪ್ಲೇಟ್, ಲಿಫ್ಟ್ ಪಂಪ್ ಈಗ ಇದೆಯಾ, ಎಷ್ಟು ಅಂತ ಕೇಳಿ.

ಗಾಡಿ ನೋಡೋಕೆ ಹೋಗುವಾಗ ಪರಿಚಯದ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ಟಾರ್ಚ್, ಸ್ಪ್ಯಾನರ್, ಬಟ್ಟೆ ಇರಲಿ. ಮುಂದಿನ ಆಕ್ಸಲ್‌ನ ನಡುವೆ ಮತ್ತು ಎರಡೂ ತುದಿಯ ಪ್ಲಗ್ ಒಂದಿಷ್ಟು ಸಡಿಲಿಸಿ ನಾಲ್ಕು ಹನಿ ಬೀಳಿಸಿ. ನೀರು ಆಯಿಲ್‌ಗಿಂತ ಭಾರ, ಗಾಡಿ ರಾತ್ರಿಯೆಲ್ಲ ನಿಂತಿದ್ದರೆ ತಳದಲ್ಲಿ ಕೂತಿರುತ್ತದೆ, ಮೊದಲು ಅದೇ ಬರುತ್ತದೆ. “ಹೊಸ ಆಯಿಲ್ ಹಾಕಿಸಿದೀವಿ ಅಣ್ಣಾ, ಬಿಚ್ಚೋದು ಬೇಡ” ಅಂದರೆ ಬಿಚ್ಚಲೇಬೇಕು ಅಂತ ಅರ್ಥ. ಜಾಕ್ ಕೊಟ್ಟು ಮುಂಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಹಿಂದಿನ ರಿಮ್ಮಿನ ಒಳಮೈ ನೋಡಿ. ಬ್ರೇಕ್ ಬರೀ ಒತ್ತಿದರೆ ಸಾಲದು. ಎಡ ಬಲ ಬೇರೆ ಬೇರೆ ಒತ್ತಿ, ಎರಡೂ ಸಮ ಹಿಡಿಯುತ್ತವಾ ಅಂತ ಓಡಿಸಿ ನೋಡಿ. ರೋಟಾವೇಟರ್ ಎತ್ತಿ ಎಂಜಿನ್ ಆಫ್ ಮಾಡಿ, ಟೀ ಕುಡಿದು ಬನ್ನಿ. ಅಷ್ಟರಲ್ಲಿ ಅದು ನೆಲಕ್ಕೆ ಕೂತಿದ್ದರೆ ಲಿಫ್ಟ್ ಸೀಲೋ ವಾಲ್ವೋ ಹೋಗಿದೆ. ಪಿಟಿಒ ಶಾಫ್ಟಿನ (ರೋಟಾವೇಟರ್ ತಿರುಗಿಸುವ, ಗಾಡಿ ಹಿಂದಿನ ಶಾಫ್ಟು) ಗೀರುಗಳ ಅಂಚು ಚೂಪಾಗಿ ತೆಳ್ಳಗಾಗಿದ್ದರೆ ರೋಟಾವೇಟರ್ ಕೆಲಸ ಜಾಸ್ತಿ ಮಾಡಿದೆ.

ಗಂಟೆ ಮೀಟರ್ ನಂಬಬೇಡಿ. ವೈರ್ ಕಿತ್ತರೆ ನಿಲ್ಲುತ್ತದೆ, ಬದಲಾಯಿಸಿದರೆ ಸೊನ್ನೆ. ನಮ್ಮದರಲ್ಲಿ ಕ್ಲಚ್ ಪೆಡಲ್‌ಗೆ ಹೊಸ ರಬ್ಬರ್ ಹಾಕಿದ್ದರು, ಆದರೆ ಪೆಡಲ್ ಪಿನ್ನಿನ ತೂತು ಸವೆದು ಮೊಟ್ಟೆ ಆಕಾರ ಆಗಿತ್ತು. 900 ಗಂಟೆಗೆ ಹಾಗೆ ಆಗೋದಿಲ್ಲ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ಕೋಡ್ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅದನ್ನೂ ಆರ್‌ಸಿಯಲ್ಲಿರುವ ವರ್ಷವನ್ನೂ ಜೋಡಿಸಿ ನೋಡಿ. ಕಡಿಮೆ ಗಂಟೆ ಓಡಿದ ಗಾಡಿಗೆ ಟೈರ್ ಯಾಕೆ ಬದಲಾಗಬೇಕು?

ಎಂಜಿನ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾಗಾಗಿ ಚಿಕ್ಕದಾಗಿ ಮುಗಿಸುತ್ತೇನೆ. ಹೋದ ಕೂಡಲೇ ಸೈಲೆನ್ಸರ್ ಬುಡದ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಬಿಸಿ ತಾಗಿದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಇನ್ನೊಂದು ದಿನ ಬೆಳಗ್ಗೆ ಹೇಳದೆ ಹೋಗಿ. ಡೀಸೆಲ್ ಎಂಜಿನ್‌ನ ನಿಜಬಣ್ಣ ಗೊತ್ತಾಗೋದು ತಣ್ಣಗಿರುವಾಗ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಭುಸುಭುಸು ಬರಬಾರದು, ಬಂದರೆ ರಿಂಗ್ ಸವೆದಿದೆ. ನೀಲಿ ಹೊಗೆ ಮರೆಮಾಚೋಕೆ ಮಂದ ಆಯಿಲ್ ಹಾಕುವವರಿದ್ದಾರೆ. ಡಿಪ್‌ಸ್ಟಿಕ್ ಎಳೆದು ಬೆರಳಿಗೆ ಹಚ್ಚಿ ನೋಡಿ. ಲೆವೆಲ್ ಗೆರೆಗಿಂತ ಮೇಲೆ ಇದ್ದು ಡೀಸೆಲ್ ವಾಸನೆ ಬಂದರೆ ಡೀಸೆಲ್ ಪಂಪ್ ಕಡೆಯಿಂದ ಡೀಸೆಲ್ ಕೆಳಗೆ ಸೋರುತ್ತಿದೆ. ಆ ಪಂಪಿನ ಮೇಲೆ ಬಿಚ್ಚದಂತೆ ಹಾಕಿರುವ ಮುದ್ರೆ ಒಡೆದಿದ್ದಾರಾ ಅಂತಲೂ ನೋಡಿ. ಪಂಪನ್ನು ಅದರ ಪರೀಕ್ಷೆಯ ಟೆಸ್ಟ್ ಬೆಂಚ್ ಇರುವ ಕಡೆಯೇ ಬಿಚ್ಚಬೇಕು, ಗದ್ದೆ ಬದಿಯಲ್ಲಿ ಅಲ್ಲ.

ತಂದ ಮೇಲೆ ಎಂಜಿನ್, ಗೇರ್ ಬಾಕ್ಸ್, ಆಕ್ಸಲ್ ಎಲ್ಲ ಆಯಿಲ್ ಒಂದೇ ಸಲ ಬದಲಾಯಿಸಿ, ಡೀಸೆಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಸಿ. ಕ್ಯಾನಿನಲ್ಲಿ ತಂದ ಡೀಸೆಲ್‌ನ ಕೊನೇ ಅರ್ಧ ಲೀಟರ್ ಟ್ಯಾಂಕಿಗೆ ಸುರಿಯಬೇಡಿ, ನೀರೂ ಕಸವೂ ತಳದಲ್ಲೇ ಇರೋದು. ಟ್ಯಾಂಕ್ ಬರಿದಾಗೋವರೆಗೂ ಓಡಿಸಿದರೆ ಪೈಪಿಗೆ ಗಾಳಿ ಸೇರುತ್ತದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಗಾಳಿ ತೆಗೆಯೋದು ಕಲಿತುಕೊಳ್ಳಿ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆ ಬೋರಿನ ನೀರು ಎಷ್ಟು ಗಡಸು ಅಂತ ಸ್ನಾನದ ಹಂಡೆ ನೋಡಿದರೆ ಗೊತ್ತು. ಕೂಲೆಂಟ್ ಹಾಕಿ. ತೋಟದಲ್ಲಿ ಓಡಿಸುವಾಗ ಒಣ ಹುಲ್ಲು, ಧೂಳು ರೇಡಿಯೇಟರ್ ಜಾಲರಿಗೆ ಮೆತ್ತಿಕೊಂಡು ಗಾಳಿ ಕಟ್ಟುತ್ತದೆ. ಮಿನಿ ಗಾಡಿ ಬಿಸಿಯಾಗೋದು, ಹೆಡ್ ಗ್ಯಾಸ್ಕೆಟ್ ಹೋಗೋದು ಬಹಳ ಸಲ ಇದರಿಂದಲೇ. ಊಟಕ್ಕೆ ನಿಲ್ಲಿಸಿದಾಗ ಎಂಜಿನ್ ಆಫ್ ಮಾಡಿ ಒಂದು ಸಲ ಜಾಡಿಸಿ. ಹಾಗೇ ಅಡಿಕೆ ಬುಡದ ಹತ್ತಿರ ರೋಟಾವೇಟರ್ ಆಳಕ್ಕೆ ಬಿಡಬೇಡಿ. ಅಡಿಕೆ ಮರ ಆಹಾರ ಹೀರುವ ಬೇರು ಮೇಲ್ಮಣ್ಣಿನಲ್ಲೇ ಇರೋದು. ಇದು ಗಾಡಿ ವಿಷಯ ಅಲ್ಲ, ಆದರೂ ಹೇಳಿದೆ.

ಪೇಪರ್ ವಿಷಯದಲ್ಲಿ ನಮಗೆ ತೊಂದರೆ ಆಗಲಿಲ್ಲ. ಆದರೂ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿ ಸಾಲ ಇದೆಯಾ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29, 30. ಮೂಲ ಮಾಲೀಕರ ಸಹಿ ನಿಮ್ಮ ಕಣ್ಣೆದುರೇ ಆಗಲಿ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ಕೊಡಬೇಕು. ಸಬ್ಸಿಡಿಯಲ್ಲಿ ತಗೊಂಡ ಗಾಡಿಯಾದರೆ ಮಾರಬಾರದು ಅನ್ನೋ ಷರತ್ತು ಇನ್ನೂ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆರ್‌ಸಿ 15 ವರ್ಷದ್ದು. ಅದು ಮುಗಿಯುತ್ತಾ ಬಂದಿದ್ದರೆ ನವೀಕರಣಕ್ಕೆ ಗಾಡಿಯನ್ನೇ ತಗೊಂಡು ಹೋಗಿ ತೋರಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಹಿಡಿಸಿ. ಟ್ರೇಲರ್ ಜೊತೆಗೆ ಕೊಡುತ್ತೇವೆ ಅಂದರೆ ಅದರ ಆರ್‌ಸಿ ಬೇರೆ ಇರುತ್ತದೆ, ಅದನ್ನೂ ಕೈಗೆ ತಗೊಂಡು ಆಮೇಲೆ ದುಡ್ಡು ಎಣಿಸಿ.