ಹಳೆ ಸಿಡಿ ಪ್ಲೇಯರ್ ಕೊಳ್ಳುವ ಮೊದಲು ಕೊನೆಯ ಹಾಡು ಕೇಳಿ

ಮನೆಯಲ್ಲಿ ಆಂಪ್ಲಿಫೈಯರ್, ಸ್ಪೀಕರ್ ಇಟ್ಟುಕೊಂಡು ಹಾಡು ಕೇಳುವವರು, ಅದರಲ್ಲೂ ನಮ್ಮ ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯವರು, ದಯವಿಟ್ಟು ಇದನ್ನು ಪೂರ್ತಿ ಓದಿ. "ಇಂಪೋರ್ಟೆಡ್ ಸಿಡಿ ಪ್ಲೇಯರ್, ಜಪಾನ್ ಪೀಸ್, ಹೊಸ ಲೆನ್ಸ್ ಹಾಕಿದೆ" ಅಂತ ಹೇಳಿ ಮಾರುವವರಿದ್ದಾರೆ. ಅಂಥದ್ದೊಂದಕ್ಕೆ ನಾನು 18,000 ರೂಪಾಯಿ ಕೊಟ್ಟೆ. ಈಗ ಅದು ಮೇಜಿನ ಮೇಲೆ ಸುಮ್ನೆ ಕೂತಿದೆ. ಮಾರಿದವರ ಹೆಸರು ಇಲ್ಲಿ ಹಾಕುವುದಿಲ್ಲ. ಆದರೆ ಅವರು ಮಾಡಿದ್ದೇನು ಅನ್ನುವುದು ಎಲ್ಲರಿಗೂ ಗೊತ್ತಾಗಬೇಕು, ಯಾಕೆಂದರೆ ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಅಂಗಡಿಯಲ್ಲಿ ಹಾಡು ಕೇಳಿಸಿದರೂ ಗೊತ್ತಾಗುವುದಿಲ್ಲ.

ಈಗ ಸಿಡಿ ಯಾಕೆ, ಮೊಬೈಲಿನಲ್ಲೇ ಎಲ್ಲ ಸಿಗುತ್ತದಲ್ವಾ ಅಂತ ಕೇಳುವವರಿಗೆ ಒಂದು ಮಾತು. ನಮ್ಮ ತಂದೆ ಕೂಡಿಸಿಟ್ಟ ಸಿಡಿಗಳು ಎರಡು ಪೆಟ್ಟಿಗೆ ತುಂಬ ಇವೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ವಚನ ಗಾಯನ, ಮಠಗಳ ಕಾರ್ಯಕ್ರಮಗಳಲ್ಲಿ ಮಾರುತ್ತಿದ್ದ ಭಜನೆ ಸಿಡಿಗಳು. ಅದರಲ್ಲಿ ಎಷ್ಟೋ ಹಾಡುಗಳನ್ನು ಮೊಬೈಲಿನಲ್ಲಿ ಹುಡುಕಿ ನೋಡಿದ್ದೇನೆ, ನನಗೆ ಸಿಕ್ಕಿಲ್ಲ. ಅವನ್ನು ಒಳ್ಳೆ ಸ್ಪೀಕರಿನಲ್ಲಿ ಕೇಳಬೇಕು ಅನ್ನುವುದು ಬಹಳ ದಿನದ ಆಸೆ.

ಬೆಂಗಳೂರಿನ ಒಂದು ಅಂಗಡಿಯವರ ಜಾಹೀರಾತು ನೋಡಿ ಫೋನ್ ಮಾಡಿದೆ. ಜಪಾನಿನ ದೊಡ್ಡ ಹೆಸರಿನ ಪ್ಲೇಯರ್, ತೂಕವಾಗಿದೆ, ಮುಂಭಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಕೇಳಬೇಕಾದ್ದೆಲ್ಲ ಕೇಳಿದೆ. ಲೆನ್ಸ್ ಯಾವಾಗ ಬದಲಿಸಿದಿರಿ ಅಂದರೆ "ಹೊಸದು ಮೇಡಂ, ಒರಿಜಿನಲ್, ಇನ್ನು ಹತ್ತು ವರ್ಷ ನೋಡೋದೇ ಬೇಡ" ಅಂದರು. ನಮ್ಮ ಕರೆಂಟಿಗೆ ಆಗುತ್ತದಾ ಅಂದರೆ "230 ವೋಲ್ಟ್ ಮೇಡಂ, ಹಿಂದೆ ಬರೆದಿದೆ ನೋಡಿ" ಅಂತ ತಿರುಗಿಸಿ ತೋರಿಸಿದರು. ಸ್ಟಿಕ್ಕರ್ ಇತ್ತು, 230 ಅಂತಲೇ ಇತ್ತು. ಅವರದೇ ಸಿಡಿ ಹಾಕಿ ಮೊದಲ ಎರಡು ಹಾಡು ಕೇಳಿಸಿದರು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ದುಡ್ಡು ಕೊಟ್ಟೆ, ಕಾರಿನಲ್ಲಿ ಸೀಟಿನ ಮೇಲೆ ದಿಂಬಿನ ನಡುವೆ ಇಟ್ಟುಕೊಂಡು ಊರಿಗೆ ತಂದೆ.

ಮನೆಯಲ್ಲಿ ಮೊದಲು ಕೇಳಿದ್ದು ಗುಂಯ್ ಅನ್ನುವ ಸದ್ದು. ಹಾಡು ನಿಂತಾಗ, ನಿಧಾನದ ಆಲಾಪ ಇರುವಾಗ ಸ್ಪಷ್ಟವಾಗಿ ಕೇಳುತ್ತಿತ್ತು. ಆಮೇಲೆ ಇನ್ನೊಂದು ಶುರುವಾಯಿತು. ಅರ್ಧ ಗಂಟೆ ಆಗುವವರೆಗೆ ಸರಿಯಾಗಿ ಓಡುವುದು, ಆಮೇಲೆ ಟಕ್ ಟಕ್ ಅಂತ ಹಾರುವುದು. ಹಿಂದೂಸ್ತಾನಿ ಸಂಗೀತದ ಖಯಾಲ್ ಗಾಯನ ಗೊತ್ತಲ್ವಾ, ಒಂದೇ ರಾಗ ಒಂದೇ ಟ್ರ್ಯಾಕಿನಲ್ಲಿ ಅರ್ಧ ಮುಕ್ಕಾಲು ಗಂಟೆ ನಡೆಯುತ್ತದೆ, ನಿಧಾನದ ವಿಲಂಬಿತ್ ಮುಗಿದು ವೇಗದ ದ್ರುತ್ ಹಿಡಿಯುವ ಹೊತ್ತಿಗೆ ಸರಿಯಾಗಿ ಪ್ಲೇಯರ್ ಎಡವಿ ಹಿಂದಕ್ಕೋ ಮುಂದಕ್ಕೋ ಹಾರಿಬಿಟ್ಟರೆ ಕೇಳುವವರ ಹೊಟ್ಟೆ ಉರಿಯುತ್ತದೆ. ಕೆಲವೇ ವಾರಗಳಲ್ಲಿ ಸಿಡಿ ಹಾಕಿದರೆ ಸುಮ್ನೆ ಗಿರಗಿರ ತಿರುಗಿ "ನೋ ಡಿಸ್ಕ್" ಅಂತ ತೋರಿಸಿ ನಿಲ್ಲತೊಡಗಿತು.

ಮಾರಿದವರಿಗೆ ಫೋನ್ ಮಾಡಿದರೆ ಬಂದ ಉತ್ತರ ಏನು ಗೊತ್ತಾ? "ನಿಮ್ಮ ಊರಲ್ಲಿ ಧೂಳು ಜಾಸ್ತಿ ಮೇಡಂ, ಹತ್ತಿ ಮಿಲ್ ಊರು." ನನಗೆ ಬಹಳ ಸಿಟ್ಟು ಬಂತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಎಂದೋ ಹೋಯಿತು, ಆ ದೊಡ್ಡ ಮಿಲ್ಲುಗಳು ಬಾಗಿಲು ಹಾಕಿವೆ. ಬೇಸಿಗೆಯಲ್ಲಿ ಧೂಳು ಇರುವುದು ನಿಜ. ಲೆನ್ಸಿನ ಮೇಲೆ ಧೂಳು ಕೂತರೆ ಪ್ಲೇಯರ್ ಹಾರುವುದೂ ನಿಜ. ಆದರೆ ಅದನ್ನು ಒರೆಸಿದರೆ ಸರಿಹೋಗಬೇಕು. ಬ್ರಷ್ ಇರುವ ಕ್ಲೀನಿಂಗ್ ಸಿಡಿ ಹಾಕಿದ್ದಾಯಿತು, ಮೃದುವಾಗಿ ಒರೆಸಿಸಿದ್ದೂ ಆಯಿತು, ಏನೂ ಬದಲಾಗಲಿಲ್ಲ.

ಕೊನೆಗೆ ಮಂಡಿಪೇಟೆ ಕಡೆ ಟೇಪ್‌ರೆಕಾರ್ಡರ್ ಕಾಲದಿಂದ ರಿಪೇರಿ ಮಾಡುತ್ತಿರುವ ಒಬ್ಬರ ಹತ್ತಿರ ಒಯ್ದೆ. ಅವರು ಮುಚ್ಚಳ ತೆಗೆದು ಒಂದು ಕ್ಷಣ ಸುಮ್ಮನೆ ನೋಡಿದರು. "ಅಕ್ಕಾ, ಇದನ್ನ ನಿಮಗೆ ಮಾರೋಕಂತಲೇ ರೆಡಿ ಮಾಡಿದಾರೆ" ಅಂದರು.

ಹಿಂದಿದ್ದ 230ರ ಸ್ಟಿಕ್ಕರನ್ನು ಉಗುರಲ್ಲಿ ಎಬ್ಬಿಸಿದರೆ ಕೆಳಗೆ ಕಂಪನಿಯೇ ಅಚ್ಚು ಹಾಕಿದ ಅಕ್ಷರ, 100 ವೋಲ್ಟ್. ಜಪಾನಿನ ಮನೆಗಳಲ್ಲಿ ಕರೆಂಟು 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಆ ದೇಶಗಳಲ್ಲಿ ಮಾರಲು ಮಾಡಿದ ಪ್ಲೇಯರನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ, ಇಲ್ಲವೇ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಹಾಗಾಗಬಾರದು ಅಂತ ಇವರು ಒಳಗೆ ಒಂದು ಅಗ್ಗದ ಸ್ಟೆಪ್‌ಡೌನ್, ಅಂದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್, ತುರುಕಿದ್ದರು. ಅದೂ ಸ್ಕ್ರೂ ಹಾಕಿ ಕೂರಿಸಿದ್ದಲ್ಲ, ಗ್ಲೂಗನ್ನಿನ ಅಂಟು. ವೈರಿನ ಜಾಯಿಂಟಿಗೆ ಬರೀ ಟೇಪು, ಫ್ಯೂಸ್ ಇಲ್ಲ. ಹಾಡಿನ ಸಿಗ್ನಲ್ ಹೋಗುವ ಬೋರ್ಡಿನ ಪಕ್ಕದಲ್ಲೇ ಅದನ್ನು ಅಂಟಿಸಿದ್ದರಿಂದ ಆ ಗುಂಯ್ ಸದ್ದು. ಸದ್ದಾದರೂ ಇರಲಿ, ಮನೆಯಲ್ಲಿ ಮಕ್ಕಳಿರುವ ಕಡೆ ಇಂಥ ಜಾಯಿಂಟು ಬಿಟ್ಟು ಮಾರುವುದು ಅಂದರೆ ಏನು? ಇದಕ್ಕೆ ನನ್ನಲ್ಲಿ ಕ್ಷಮೆಯೇ ಇಲ್ಲ.

ಇನ್ನು ಲೆನ್ಸ್. ನಾವು ಲೆನ್ಸ್ ಅನ್ನುವುದು ಬರೀ ಗಾಜಲ್ಲ, ಲೇಸರ್, ಸಣ್ಣ ಕಾಯಿಲ್ ಎಲ್ಲ ಸೇರಿದ ಪಿಕಪ್. ಹಳೆ ಪಿಕಪ್‌ಗಳಲ್ಲಿ ಬಹಳಷ್ಟಕ್ಕೆ ಲೇಸರ್ ಎಷ್ಟು ಉರಿಯಬೇಕು ಅಂತ ಕೂರಿಸುವ, ಸ್ಕ್ರೂಡ್ರೈವರಿನಲ್ಲಿ ತಿರುಗಿಸುವ ಒಂದು ಪುಟ್ಟ ಪ್ರೀಸೆಟ್ ಇರುತ್ತದೆ. ಕಂಪನಿಯಲ್ಲಿ ಅದನ್ನು ಅಳೆದು ಕೂರಿಸಿರುತ್ತಾರೆ. ಲೇಸರ್ ಹಳತಾಗಿ ಬಲ ಕಳೆದುಕೊಂಡಾಗ ಆ ಪ್ರೀಸೆಟ್ ತಿರುಗಿಸಿ ಕರೆಂಟ್ ಜಾಸ್ತಿ ಮಾಡಿದರೆ ಸಾಯುವ ಲೇಸರ್ ಕೂಡ ಸ್ವಲ್ಪ ದಿನ ಚೆನ್ನಾಗಿ ಓದುತ್ತದೆ. ಆಮೇಲೆ ಇನ್ನೂ ಬೇಗ ಸಾಯುತ್ತದೆ. ನನ್ನದರಲ್ಲಿ ಸ್ಕ್ರೂಡ್ರೈವರ್ ಗೀರಿದ ಗುರುತು ಕಾಣುತ್ತಿತ್ತು. ಹೊಸ ಲೆನ್ಸೂ ಇಲ್ಲ, ಒರಿಜಿನಲ್ಲೂ ಇಲ್ಲ, ಹಳೆಯದನ್ನೇ ಎಳೆದು ನಿಲ್ಲಿಸಿ ಮಾರಿದ್ದರು. ಬಿಸಿಯಾದಾಗ ಲೇಸರಿನ ಬಲ ಇನ್ನೂ ಇಳಿಯುತ್ತದೆ. ಅದಕ್ಕೇ ಅಂಗಡಿಯಲ್ಲಿ ಎರಡು ಹಾಡು ಸರಿ, ಮನೆಯಲ್ಲಿ ಅರ್ಧ ಗಂಟೆ ಆದಮೇಲೆ ಗೋಳು.

ಹಾಗಾದರೆ ನೀವು ಹೇಗೆ ನೋಡಬೇಕು? ಸಿಡಿ ಓದುವುದು ಒಳಗಿನಿಂದ ಹೊರಕ್ಕೆ, ಗ್ರಾಮಫೋನ್ ರೆಕಾರ್ಡಿಗೆ ಉಲ್ಟಾ. ಮೊದಲ ಹಾಡು ನಡುವಿನ ತೂತಿನ ಹತ್ತಿರ ಇರುತ್ತದೆ, ಆಗ ಸಿಡಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗುತ್ತದೆ, ಅಂಚಿಗೆ ಬರುವ ಹೊತ್ತಿಗೆ 200ಕ್ಕೆ ಇಳಿಯುತ್ತದೆ. ಅಂಚಿನಲ್ಲಿ ಸಿಡಿ ಜಾಸ್ತಿ ಓಲಾಡುತ್ತದೆ, ಪಿಕಪ್ ಹಳಿಯ ಮೇಲೆ ತುದಿವರೆಗೂ ಜಾರಿಕೊಂಡು ಬಂದಿರಬೇಕು, ಹಳಿಯಲ್ಲಿ ಗ್ರೀಸ್ ಒಣಗಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸೋತ ಪ್ಲೇಯರ್ ಮೊದಲು ಕೈಕೊಡುವುದು ಸಾಮಾನ್ಯವಾಗಿ ಇಲ್ಲೇ. ಆದ್ದರಿಂದ 70 ನಿಮಿಷ ಮೀರಿದ, ಗೀರಿಲ್ಲದ ಕಂಪನಿ ಸಿಡಿ ಒಂದನ್ನು ನೀವೇ ಒಯ್ಯಿರಿ. ಮೊದಲು ಒಂದು ಗಂಟೆ ಪ್ಲೇಯರ್ ಓಡಲಿ, ಬಿಸಿಯಾಗಲಿ. ಆಮೇಲೆ ಕೊನೆಯ ಹಾಡು ಹಾಕಿಸಿ ಪೂರ್ತಿ ಕೇಳಿ. ಮೊದಲ ಹಾಡಿನಿಂದ ಕೊನೆಯದಕ್ಕೆ, ಕೊನೆಯದರಿಂದ ಮೊದಲಿಗೆ ಹಾರಿಸಿ ನೋಡಿ, ತಡವರಿಸಬಾರದು. ಅಷ್ಟು ಹೊತ್ತು ಕೂರಲು ಅಂಗಡಿಯವರು ಬಿಡದಿದ್ದರೆ ಎದ್ದು ಬನ್ನಿ.

ಸಿಡಿಯ ಮೇಲೆ ಗೀರು ಇದೆ, ಅದಕ್ಕೇ ಹಾರುತ್ತದೆ ಅಂತ ನೆಪ ಹೇಳುತ್ತಾರೆ, ಅದಕ್ಕೂ ಉತ್ತರ ಇಟ್ಟುಕೊಳ್ಳಿ. ಸಿಡಿಯಲ್ಲಿ ಮಾಹಿತಿಯನ್ನು ಹರಡಿ ಬರೆದಿರುವುದರಿಂದ ಲೇಸರ್ ಓದುತ್ತಾ ಹೋಗುವ ದಾರಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಕಾಣೆಯಾದರೂ ಪ್ಲೇಯರ್ ಅದನ್ನು ಪೂರ್ತಿ ಸರಿಪಡಿಸಿಕೊಳ್ಳಬಲ್ಲದು. ಒಂದು ಸಿಡಿ ಹಾರಿದರೆ ಸಿಡಿಯದು ತಪ್ಪಿರಬಹುದು, ಎಲ್ಲ ಸಿಡಿಯೂ ಹಾರಿದರೆ ಪ್ಲೇಯರಿನದೇ ತಪ್ಪು. ಮುಚ್ಚಳ ತೆಗೆಸಿ ನೋಡುವುದಾದರೆ ನೋಡಿ, ಆದರೆ ಆನ್ ಆಗಿರುವಾಗ ಲೆನ್ಸಿನೊಳಗೆ ಕಣ್ಣಿಟ್ಟು ನೋಡಲೇಬೇಡಿ. ಸಿಡಿ ಲೇಸರಿನ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕಣ್ಣಿಗೆ ಅಪಾಯ ಮಾತ್ರ ಇದ್ದೇ ಇದೆ.

ಪಿಕಪ್ಪಿನ ನಂಬರ್ ಕೇಳಿ, ಅದು ಹೋದರೆ ಬದಲಿ ಸಿಗುತ್ತದಾ ಅನ್ನುವುದು ಅದರಿಂದಲೇ ಗೊತ್ತಾಗುವುದು. ಹೇಳದಿದ್ದರೆ ವ್ಯಾಪಾರವೇ ಬೇಡ. ಸೋನಿಯ ಕೆಎಸ್‌ಎಸ್ 213, ಕೆಎಸ್‌ಎಸ್ 240, ಸ್ಯಾನ್ಯೋದ ಎಸ್‌ಎಫ್-ಪಿ101ಎನ್ ಇಂಥವನ್ನು ಬೇರೆ ಬೇರೆ ಕಂಪನಿಯ ಪ್ಲೇಯರ್‌ಗಳಲ್ಲಿ ಹಾಕಿದ್ದಾರೆ. ಈಗ ಆ ಹೆಸರಲ್ಲಿ ಡೂಪ್ಲಿಕೇಟ್ ಬರುತ್ತದೆ, ಒಂದೊಂದು ಒಂದೊಂದು ಥರ, ಆದರೂ ಬದಲಿಸಲು ಒಂದು ದಾರಿ ಅಂತ ಇರುತ್ತದೆ. ಫಿಲಿಪ್ಸ್‌ನ ಹಳೆ ಸಿಡಿಎಂ ಪಿಕಪ್‌ಗಳು, ತೋಳಿನ ಹಾಗೆ ಅತ್ತಿತ್ತ ಆಡುವಂಥವು, ಬಹಳ ಗಟ್ಟಿ. ಆದರೆ ಹೊಸದಾಗಿ ತಯಾರಾಗುವುದಿಲ್ಲ. ಅದು ಹೋದರೆ ಇನ್ನೊಂದು ಹಳೆ ಪ್ಲೇಯರ್ ಬಿಚ್ಚಬೇಕು. ನನ್ನ ಪ್ಲೇಯರಿಗೆ ಬೇಕಾದದ್ದು ಇನ್ನೂ ಸಿಕ್ಕಿಲ್ಲ.

ಸಿಡಿಯ ಡಿಜಿಟಲ್ ಮಾಹಿತಿಯನ್ನು ಹಾಡಿನ ಸಿಗ್ನಲ್ ಮಾಡುವ ಚಿಪ್ ಒಂದು ಪ್ಲೇಯರಿನೊಳಗೆ ಇರುತ್ತದೆ, ಅದರ ಮಾತಿಗೆ ಮರುಳಾಗಬೇಡಿ. ಫಿಲಿಪ್ಸ್‌ನ ಟಿಡಿಎ1541ಎ ಇದೆ, ಅದರ ಮೇಲೆ ಕಿರೀಟದ ಗುರುತಿದೆ ಅಂತ ಹೇಳಿ ಸಾವಿರಾರು ರೂಪಾಯಿ ಏರಿಸುತ್ತಾರೆ. ಚಿಪ್ ಒಳ್ಳೆಯದೇ. ಆದರೆ ಸಿಡಿ ಓದಲಾಗದ ಪ್ಲೇಯರಿನೊಳಗೆ ಎಂಥ ಚಿಪ್ ಇದ್ದು ಏನು ಪ್ರಯೋಜನ, ಮೇಲಾಗಿ ಆ ಕಿರೀಟದ ಗುರುತನ್ನೇ ನಕಲು ಹೊಡೆಯುವವರಿದ್ದಾರೆ. ಮೊದಲು ಲೆನ್ಸ್, ಆಮೇಲೆ ವೋಲ್ಟೇಜ್, ಚಿಪ್ಪಿನ ಮಾತು ಎಲ್ಲಕ್ಕಿಂತ ಕೊನೆಗೆ.

ನಮ್ಮ ಕಡೆ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಒಂದೇ ಸಿಡಿಯಲ್ಲಿ ನೂರು ನೂರೈವತ್ತು ಹಾಡು ಅಂತ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದರಲ್ಲ, ಅವೆಲ್ಲ ಎಂಪಿ3. ಹಳೆ ಕಾಲದ ಸ್ಟೀರಿಯೋ ಸಿಡಿ ಪ್ಲೇಯರ್ ಅವನ್ನು ನುಡಿಸುವುದಿಲ್ಲ, ವಿಸಿಡಿಯಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಅಂಥವೇ ಜಾಸ್ತಿ ಇದ್ದರೆ ಈಗಿನ ಮಾಡೆಲ್ ನೋಡಿ. ಯಮಹಾದ ಸಿಡಿ-ಎಸ್303 ಥರದವು ಎಂಪಿ3 ಸಿಡಿಯನ್ನೂ ನುಡಿಸುತ್ತವೆ, ಪೆನ್‌ಡ್ರೈವ್ ಕೂಡ ಹಾಕಬಹುದು. ಆದರೆ ಹೊಸದಾದರೂ ಇಂಡಿಯಾ ವಾರಂಟಿ ಕಾರ್ಡ್ ಇದೆಯಾ, ಹಿಂದೆ 230 ವೋಲ್ಟ್ ಅಂತ ಕಂಪನಿಯದೇ ಅಚ್ಚು ಇದೆಯಾ ಎರಡನ್ನೂ ನೋಡಿ. ಕೇಂಬ್ರಿಡ್ಜ್ ಆಡಿಯೋದ ಸಿಎಕ್ಸ್‌ಸಿ ಥರದ್ದನ್ನು ಟ್ರಾನ್ಸ್‌ಪೋರ್ಟ್ ಅನ್ನುತ್ತಾರೆ. ಅದರ ಹಿಂದೆ ಕೆಂಪು ಬಿಳಿ ಪಿನ್ ಹಾಕುವ ಜಾಗವೇ ಇರುವುದಿಲ್ಲ. ಡ್ಯಾಕ್ ಅಂದರೆ ಡಿಜಿಟಲ್ ಮಾಹಿತಿಯನ್ನು ಹಾಡಿನ ಸಿಗ್ನಲ್ ಮಾಡುವ ಪೆಟ್ಟಿಗೆ, ಅದು ಬೇರೆ ಇಲ್ಲದೆ ಈ ಟ್ರಾನ್ಸ್‌ಪೋರ್ಟ್ ಆಂಪ್ಲಿಫೈಯರಿಗೆ ಹಾಡು ಕೊಡುವುದಿಲ್ಲ. ಇದನ್ನು ಹೇಳದೆ ಮಾರುವವರೂ ಸಿಗಬಹುದು, ಕೇಳಿ ತಿಳಿದುಕೊಳ್ಳಿ.

ಆತುರ ಇಲ್ಲದವರಿಗೆ ನನ್ನ ಸಲಹೆ, ಅಟ್ಟದ ಮೇಲಿರುವ ಡಿವಿಡಿ ಪ್ಲೇಯರ್ ಕೆಳಗಿಳಿಸಿ. ಅದರಿಂದ ಕೆಂಪು ಬಿಳಿ ವೈರ್ ಎಳೆದು ಆಂಪ್ಲಿಫೈಯರಿನ ಸಿಡಿ ಅಥವಾ ಆಕ್ಸ್ ಅಂತ ಬರೆದಲ್ಲಿ ಹಾಕಿ. ಫೋನೋ ಅಂತ ಬರೆದಲ್ಲಿ ಬೇಡ, ಅದು ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಸಿಡಿಯ ಎರಡು ವೋಲ್ಟ್ ಅಲ್ಲಿ ಹೋದರೆ ಕರ್ಕಶವಾಗಿ ಒದರುತ್ತದೆ. ಡಿವಿಡಿ ಪ್ಲೇಯರಿನಲ್ಲಿ ಕೋಆಕ್ಸಿಯಲ್ ಔಟ್, ಅಂದರೆ ಡಿಜಿಟಲ್ ಸಿಗ್ನಲ್ ಹೊರಬರುವ ಜಾಗ, ಇದ್ದರೆ ಮುಂದೆ ಒಂದು ಚಿಕ್ಕ ಡ್ಯಾಕ್ ಸೇರಿಸಿಕೊಳ್ಳಬಹುದು. ನಾನು ಈಗ ಮನ್ಸೂರರನ್ನು ಕೇಳುತ್ತಿರುವುದು ಹೀಗೇ. ಹಾಡು ಹಾರುವುದಿಲ್ಲ, ಗುಂಯ್ ಅನ್ನುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಬಿಲ್ ಕೇಳಿದ್ದಕ್ಕೆ ಅವರು ಕೊಟ್ಟಿದ್ದು ಎಸ್ಟಿಮೇಟ್ ಅಂತ ಬರೆದ ಚೀಟಿ. ಜಿಎಸ್‌ಟಿ ಬಿಲ್ ಆಮೇಲೆ ಕಳಿಸುತ್ತೇವೆ ಅಂದವರು ಕಳಿಸಲೇ ಇಲ್ಲ. ಫೋನ್‌ನಲ್ಲಿ ದುಡ್ಡು ಹಾಕಿದ ದಾಖಲೆ, "ಹೊಸ ಲೆನ್ಸ್, 230 ವೋಲ್ಟ್" ಅಂತ ಅವರೇ ಕಳಿಸಿದ ವಾಟ್ಸಾಪ್ ಮೆಸೇಜು, ಬಿಚ್ಚಿದಾಗ ತೆಗೆದ ಫೋಟೊ ಎಲ್ಲ ನನ್ನ ಹತ್ತಿರ ಇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಗಡಿ ಬೆಂಗಳೂರಿನಲ್ಲಿದ್ದರೂ ನಾವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಅವರೂ ದೂರು ಬರೆದುಕೊಳ್ಳುತ್ತಾರೆ. ಇದೇ ಥರ ಮೋಸ ಹೋದವರು ಸುಮ್ಮನಿರಬೇಡಿ, ಮೆಸೇಜುಗಳನ್ನು ಅಳಿಸಬೇಡಿ.

ಅದೇ ಅಂಗಡಿಯವರು ಈಗ ಮತ್ತೊಂದು ಪ್ಲೇಯರಿನ ಜಾಹೀರಾತು ಹಾಕಿದ್ದಾರೆ. ಮುಂಭಾಗದ ಫೋಟೊ ಇದೆ, ರಿಮೋಟಿನದೂ ಇದೆ, ಹಿಂಭಾಗದ್ದು ಇಲ್ಲ. ಎಲ್ಲಿಯೇ ಆಗಲಿ, ಯಾರ ಹತ್ತಿರವೇ ಆಗಲಿ, ಕೊಳ್ಳುವ ಮನಸ್ಸಿದ್ದರೆ ಬಸ್ ಹತ್ತುವ ಮೊದಲೇ ಮುಚ್ಚಳ ತೆಗೆದ ಫೋಟೊ, ಹಿಂಭಾಗದಲ್ಲಿ ಸ್ಟಿಕ್ಕರ್ ಇಲ್ಲದೆ ವೋಲ್ಟೇಜ್ ಕಾಣುವ ಫೋಟೊ, ಎರಡನ್ನೂ ಕಳಿಸಿ ಅಂತ ಕೇಳಿ.