ಹಳೆಯ ತಾರಸಿ ಮನೆ ಕೊಳ್ಳುವವರ ಗಮನಕ್ಕೆ

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಸುಮಾರು 80 ವರ್ಷದ ಮನೆಯೊಂದನ್ನು ಕೊಂಡೆವು. ಕೆಂಪು ಗಾರೆಯ ನೆಲ, ಎತ್ತರದ ಸೂರು, ತೇಗದ ತೊಲೆಗಳು, ಬೀದಿಗೆ ಮುಖಮಾಡಿದ ಜಗಲಿ ಇವುಗಳಿಗೆ ಮನಸೋತೆವು ಎಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ವಕೀಲರ ಮೂಲಕ 30 ವರ್ಷಗಳ ಋಣಭಾರ ಪತ್ರ ತೆಗೆಸಿ, ಖಾತೆ, ಕಂದಾಯದ ರಸೀದಿ, ವಂಶವೃಕ್ಷಗಳನ್ನು ಅಕ್ಷರ ಬಿಡದೆ ಪರಿಶೀಲಿಸಿದ ನಾವು ತಾರಸಿ ಹತ್ತಿದ್ದು ಒಂದೇ ಸಲ. ಅದೂ ಅಲ್ಲಿಂದ ಚಾಮುಂಡಿ ಬೆಟ್ಟ ಕಾಣುತ್ತದೆಯೇ ಎಂದು ನೋಡುವುದಕ್ಕೆ.

ಮಾರುವ ಮೊದಲು ಮನೆಯ ಒಳಗೂ ಹೊರಗೂ ಹೊಸ ಬಣ್ಣ ಬಳಿಸಲಾಗಿತ್ತು. ಅದನ್ನು ಮಾಲೀಕರ ಸೌಜನ್ಯವೆಂದು ತಿಳಿದುಕೊಂಡದ್ದು ನಮ್ಮ ಮೊದಲ ತಪ್ಪು. ಮೇ ಮೊದಲ ವಾರ ಭರಣಿ ಮಳೆ ಎರಡು ಸಂಜೆ ಬಿಡದೆ ಸುರಿದಾಗ, ನಡುಮನೆಯಲ್ಲಿ ತೊಲೆಗಳು ಗೋಡೆ ಸೇರುವ ಕಡೆಯಲ್ಲೆಲ್ಲ ಚಹಾ ಚೆಲ್ಲಿದಂತಹ ಕಲೆಗಳು ಮೂಡಿದವು. ಮೂರನೆಯ ದಿನ ಬಣ್ಣ ಹಪ್ಪಳದಂತೆ ಉಬ್ಬಿ ಉದುರತೊಡಗಿತು. ಗಾಬರಿಯಲ್ಲಿ ಒಬ್ಬ ಗುತ್ತಿಗೆದಾರರನ್ನು ಕರೆಸಿ, ಅವರು ಹೇಳಿದ ನೀರುನಿರೋಧಕ ಬಣ್ಣವನ್ನು ತಾರಸಿಗೆ ಎರಡು ಸಲ ಹೊಡೆಸಿದೆವು. ಮುಂದಿನ ಮಳೆಗೆ ಕಲೆಗಳು ಇನ್ನಷ್ಟು ಅಗಲವಾದವು.

ಕೊನೆಗೆ ಪರಿಚಿತರೊಬ್ಬರು ಗಾರೆ ಕೆಲಸದಲ್ಲೇ ಕೂದಲು ನರೆತ ಮೇಸ್ತ್ರಿಯೊಬ್ಬರನ್ನು ಕರೆತಂದರು. ಅವರು ತಾರಸಿಯ ಮೇಲೆ ಕುಳಿತು ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ, ಸದ್ದು ಕೇಳಿಸಿಕೊಂಡು, "ಇದರ ಮೇಲೆ ಸಿಮೆಂಟ್ ಹಾಕಿದವರು ಯಾರು ಸ್ವಾಮಿ?" ಎಂದು ಕೇಳಿದರು. ನಮ್ಮದು ಮದ್ರಾಸ್ ತಾರಸಿ ಎಂದು ಕರೆಯುವ ಬಗೆಯದು. ಇದರಲ್ಲಿ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆ ಸಾಲುಗಳಲ್ಲಿ ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚನ್ನು ಹರಡಿ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಾರೆ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವ ರೂಢಿಯೂ ಇತ್ತು. ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುವ ಮರದ ಜೊತೆ ಸುಣ್ಣವೂ ಅಷ್ಟಿಷ್ಟು ಹೊಂದಿಕೊಳ್ಳುತ್ತದೆ, ಹೀರಿದ ನೀರನ್ನು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟಿಗೆ ಇವೆರಡೂ ಗುಣ ಕಡಿಮೆ. ಯಾವಾಗಲೋ ಸಣ್ಣ ಸೋರಿಕೆ ಕಂಡವರು ಇಡೀ ತಾರಸಿಗೆ ಎರಡು ಅಂಗುಲ ಸಿಮೆಂಟ್ ಬಳಿಸಿದ್ದರು. ಅದು ಕೂದಲೆಳೆಯಂತೆ ಬಿರುಕು ಬಿಟ್ಟು ನೀರನ್ನು ಒಳಗೆ ಬಿಟ್ಟುಕೊಂಡಿತ್ತೇ ಹೊರತು ಹೊರಗೆ ಹೋಗಲು ಬಿಟ್ಟಿರಲಿಲ್ಲ. ನಾವು ಹೊಡೆಸಿದ ಬಣ್ಣ ಉಳಿದಿದ್ದ ದಾರಿಯನ್ನೂ ಮುಚ್ಚಿತ್ತು. ಹಾಗೆ ನಿಂತ ನೀರು ಗೋಡೆಯೊಳಗೆ ಹುದುಗಿದ ತೊಲೆಯ ತುದಿಗಳಿಗೆ ಇಳಿದು, ಗೆದ್ದಲಿಗೂ ಆಹ್ವಾನ ಕೊಟ್ಟಿತ್ತು. ಬಣ್ಣ ಕೆರೆದು ಮೊಳೆಯಿಂದ ಚುಚ್ಚಿ ನೋಡಿದಾಗ 11 ತೊಲೆಗಳಲ್ಲಿ ನಾಲ್ಕರ ತುದಿ ರವೆಯಂತೆ ಪುಡಿಯಾಯಿತು. ಕೊಳ್ಳುವ ಮೊದಲು ಇದೇ ಮೊಳೆಯನ್ನು ಹಿಡಿದು ಐದು ನಿಮಿಷ ಓಡಾಡಿದ್ದರೆ ಸಾಕಿತ್ತು.

ತಾರಸಿಯ ನಷ್ಟ ಹಣದ್ದು, ವಿದ್ಯುತ್ತಿನದು ಪ್ರಾಣದ ಮಾತು. ಬಚ್ಚಲಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಅತ್ತೆಯವರು ಹೇಳಿದಾಗ ವಯಸ್ಸಿನ ದೌರ್ಬಲ್ಯವಿರಬಹುದೆಂದು ನಾನು ಕಡೆಗಣಿಸಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎಲ್ಲ ಕೋಣೆಗಳಲ್ಲೂ ಹೊಸ ಮೂರು ಪಿನ್ನಿನ ಸಾಕೆಟ್‌ಗಳಿದ್ದವು, ಆದರೆ ಅವುಗಳ ಮೂರನೆಯ ರಂಧ್ರಕ್ಕೆ ತಂತಿಯೇ ಇರಲಿಲ್ಲ. ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಮನೆಗೆ ಇರಲೇ ಇಲ್ಲ. ಗೀಸರಿನಲ್ಲಿ ಸೋರಿದ ವಿದ್ಯುತ್ತು ಕಬ್ಬಿಣದ ಕೊಳವೆಗಳಲ್ಲಿ ಹರಿಯುತ್ತಿತ್ತು. ಅರ್ಥಿಂಗ್ ಗುಂಡಿ ತೋಡಿಸಿ, ತಂತಿಗಳನ್ನು ಬದಲಿಸಿ, 30 ಮಿಲಿಯಾಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಹಾಕಿಸುವವರೆಗೆ ಗೀಸರ್ ಮುಟ್ಟಲಿಲ್ಲ. ಕೊಳ್ಳುವ ಮನೆಯ ಸಾಕೆಟ್ ಎಷ್ಟೇ ಹೊಳೆಯುತ್ತಿರಲಿ, ಎಲೆಕ್ಟ್ರಿಷಿಯನ್ ಒಬ್ಬರಿಂದ ಬಿಚ್ಚಿಸಿ ನೋಡಿ.

ಹಿತ್ತಿಲಿನ ಒಳಚರಂಡಿಯ ಜೇಡಿಪೈಪಿನೊಳಗೆ ಮಾವಿನ ಬೇರು ತುಂಬಿಕೊಂಡದ್ದು, ಅದರ ಛೇಂಬರ್ ಪಕ್ಕದ ಮನೆಯವರು ಕಟ್ಟಿಕೊಂಡ ಶೆಡ್ಡಿನ ಅಡಿಯಲ್ಲಿದ್ದದ್ದು ಬೇರೆಯೇ ಕಥೆ.

ಮಾರಿದವರನ್ನು ವಿಚಾರಿಸಿದಾಗ, "ಹಳೇ ಮನೆ ಅಂದ ಮೇಲೆ ಇದೆಲ್ಲ ಇದ್ದದ್ದೇ ಅಲ್ಲವೇ?" ಎಂದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ತನಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ಕೊಳ್ಳುವವನಿಗೆ ತಿಳಿಸಬೇಕು. ನಾನು ಆಸೆಯಿಂದ ವಕೀಲರ ಬಳಿ ಹೋದೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದ್ದರೂ ಕಾಣದಂತಹ ದೋಷಕ್ಕೆ ಮಾತ್ರ ಆ ಮಾತು ಅನ್ವಯಿಸುತ್ತದೆ ಎಂದು ಅವರು ವಿವರಿಸಿ, ಸ್ವತ್ತನ್ನು ಖುದ್ದಾಗಿ ಪರಿಶೀಲಿಸಿ ತೃಪ್ತರಾಗಿದ್ದೇವೆ ಎಂದು ನಾವು ಸಹಿ ಹಾಕಿದ್ದ ಕ್ರಯಪತ್ರದ ಸಾಲನ್ನು ಬೆರಳಿಟ್ಟು ತೋರಿಸಿ, "ತಾರಸಿ ಹತ್ತಿದ್ದಿರಾ?" ಎಂದು ಕೇಳಿದರು. ಹತ್ತಿದ್ದೆವು ಎಂದೆ. ಬೆಟ್ಟದ ವಿಷಯ ಹೇಳಲಿಲ್ಲ.